ಎಲ್ಬೆಯ ದಂಡೆಯಲ್ಲಿ ನಿಂತ ದಂಡು



ಯುದ್ಧದ ಕಥೆ ಎಂದರೆ ನಮಗೆಲ್ಲ ನೆನಪಾಗುವುದು ಮುನ್ನುಗ್ಗಿದವರ ಕಥೆ. ಯಾರು ಯಾವ ಕೋಟೆ ಹಿಡಿದರು, ಯಾರು ಯಾವ ನದಿ ದಾಟಿದರು, ಯಾರ ಬಾವುಟ ಎಲ್ಲಿ ಹಾರಿತು ಎನ್ನುವ ಲೆಕ್ಕ. ಇವತ್ತು ನಾನು ಹೇಳಹೊರಟಿರುವುದೂ ಮುನ್ನುಗ್ಗಿದ ಒಂದು ದಂಡಿನ ಕಥೆಯೇ. ಆದರೆ ಈ ದಂಡಿನ ಹೆಸರು ಇತಿಹಾಸದಲ್ಲಿ ಉಳಿದದ್ದು ಅದು ಹಿಡಿದ ಊರುಗಳಿಂದಲ್ಲ, ಅದು ಹೋಗಿ ನಿಂತ ಜಾಗದಿಂದ. ಆ ಜಾಗ ಜರ್ಮನಿಯ ಎಲ್ಬೆ ನದಿಯ ದಂಡೆ. ದಿನ 1945ರ ಏಪ್ರಿಲ್ 25. ದಂಡಿನ ಹೆಸರು ಅಮೆರಿಕದ 69ನೇ ಪದಾತಿ ಡಿವಿಷನ್.

ಪದಾತಿ ಡಿವಿಷನ್ ಅಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಪದಾತಿ ಅಂದರೆ ಕಾಲಾಳು. ಆಗಿನ ಅಮೆರಿಕನ್ ಸೇನೆಯಲ್ಲಿ ಒಂದು ಪದಾತಿ ಡಿವಿಷನ್ನಿನಲ್ಲಿ ಸುಮಾರು 14 ಸಾವಿರ ಜನ ಇರುತ್ತಿದ್ದರು. ಮೂರು ರೆಜಿಮೆಂಟುಗಳು, ಅವುಗಳ ಜೊತೆಗೆ ಫಿರಂಗಿ ಪಡೆ, ಎಂಜಿನಿಯರುಗಳು, ವೈದ್ಯರು, ಅಡುಗೆಯವರು, ಟೆಲಿಫೋನ್ ತಂತಿ ಎಳೆಯುವವರು. ಒಂದು ಸಣ್ಣ ಪಟ್ಟಣವೇ ಗಂಟುಮೂಟೆ ಕಟ್ಟಿಕೊಂಡು ನಡೆದ ಹಾಗೆ. 69ನೇ ಡಿವಿಷನ್ನಿನ ಮೂರು ರೆಜಿಮೆಂಟುಗಳು 271, 272 ಮತ್ತು 273. ಈ ಕೊನೆಯ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಡಿವಿಷನ್ ಹುಟ್ಟಿದ್ದು 1943ರ ಮೇ ತಿಂಗಳಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಯಾಂಪ್ ಶೆಲ್ಬಿ ಎಂಬಲ್ಲಿ. ಒಂದೂವರೆ ವರ್ಷ ಬರೀ ತರಬೇತಿ. ಬೇರೆ ಡಿವಿಷನ್ನುಗಳು ಆಫ್ರಿಕಾದಲ್ಲಿ, ಇಟಲಿಯಲ್ಲಿ, ನಾರ್ಮಂಡಿಯಲ್ಲಿ ಹೋರಾಡಿ ಹಣ್ಣಾಗಿದ್ದರೆ ಇವರು ಇನ್ನೂ ಕವಾಯತು ಮಾಡುತ್ತಲೇ ಇದ್ದರು. 1944ರ ಡಿಸೆಂಬರಿನಲ್ಲಿ ಇಂಗ್ಲೆಂಡು ಮುಟ್ಟಿದರು. 1945ರ ಜನವರಿಯಲ್ಲಿ ಫ್ರಾನ್ಸಿನ ನೆಲಕ್ಕೆ ಕಾಲಿಟ್ಟರು. ಫೆಬ್ರವರಿ ಮಧ್ಯದಲ್ಲಿ ಬೆಲ್ಜಿಯಂ ಮತ್ತು ಜರ್ಮನಿಯ ಗಡಿಯಲ್ಲಿ, ಹಿಮ ಕರಗಿ ಕೆಸರಾಗಿದ್ದ ಕಾಡುಗುಡ್ಡಗಳ ನಡುವೆ, ಬೇರೊಂದು ಡಿವಿಷನ್ನಿನ ಜಾಗದಲ್ಲಿ ಇವರನ್ನು ನಿಲ್ಲಿಸಲಾಯಿತು. ಆಗ ಇವರ ಸೇನಾನಿ ಮೇಜರ್ ಜನರಲ್ ಎಮಿಲ್ ರೈನ್‌ಹಾರ್ಟ್.

ಹಾಗೆಂದು ಇವರ ಪಾಲಿಗೆ ಯುದ್ಧ ಅಗ್ಗವಾಗಿ ಮುಗಿಯಿತು ಎಂದುಕೊಳ್ಳಬೇಡಿ. ಫೆಬ್ರವರಿ ಮಧ್ಯದಿಂದ ಮೇ ತಿಂಗಳ ಎಂಟರವರೆಗೆ, ಮೂರು ತಿಂಗಳೂ ತುಂಬದ ಅವಧಿಯಲ್ಲಿ, ಈ ಡಿವಿಷನ್ ಕಳೆದುಕೊಂಡ ಮತ್ತು ಗಾಯಗೊಂಡ ಜನರ ಸಂಖ್ಯೆ ಒಂದೂವರೆ ಸಾವಿರ. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ರಣರಂಗದಲ್ಲೇ ಸತ್ತರು. ಗೆಲುವು ಖಚಿತ ಎಂದು ಎಲ್ಲರಿಗೂ ಗೊತ್ತಾದ ಮೇಲೆ ಸತ್ತವರು ಇವರು. ನಾಳೆ ಮುಗಿಯುವ ಯುದ್ಧದಲ್ಲಿ ಇಂದು ಸಾಯುವುದಿದೆಯಲ್ಲ, ಅದರ ಸಂಕಟ ಮನೆಯವರಿಗೇ ಗೊತ್ತು.

ಫೆಬ್ರವರಿ 27ರಂದು ಇವರ ಮೊದಲ ದೊಡ್ಡ ದಾಳಿ ಶುರುವಾಯಿತು. ಜರ್ಮನರು ತಮ್ಮ ಪಶ್ಚಿಮ ಗಡಿಯುದ್ದಕ್ಕೂ ಕಟ್ಟಿದ್ದ ಕಾಂಕ್ರೀಟ್ ಕೋಟೆಸಾಲಿನ ಪ್ರದೇಶ ಅದು. ಅದನ್ನು ದಾಟಿ ಮಾರ್ಚ್ ಕೊನೆಗೆ ರೈನ್ ನದಿಯನ್ನು ದಾಟಿದರು. ಅಲ್ಲಿಂದ ಮುಂದೆ ಕಾಲಾಳುಗಳು ಕಾಲ್ನಡೆಯನ್ನೇ ಮರೆತರು ಎನ್ನಬೇಕು. 9ನೇ ಆರ್ಮರ್ಡ್ ಡಿವಿಷನ್ನಿನ ಟ್ಯಾಂಕುಗಳು ಮುಂದೆ, ಲಾರಿಗಳಲ್ಲಿ ಇವರು ಹಿಂದೆ. ಹಾನ್ ಮ್ಯುಂಡೆನ್ ಹತ್ತಿರ ವೇಸರ್ ನದಿ, ವೈಸೆನ್‌ಫೆಲ್ಸ್ ಹತ್ತಿರ ಸಾಲೆ ನದಿ. ಗಡಿಯಿಂದ ಎಲ್ಬೆಯವರೆಗೆ ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ಎರಡೇ ತಿಂಗಳಲ್ಲಿ.

ದಾರಿಯ ಹಳ್ಳಿಗಳಲ್ಲಿ ಇವರನ್ನು ಎದುರುಗೊಂಡದ್ದು ಬಿಳಿ ಹಾಸಿಗೆ ಬಟ್ಟೆಗಳು. ಮಂಚದ ಹೊದಿಕೆ, ಮೇಜಿನ ಬಟ್ಟೆ, ಟವೆಲು, ಕೈಗೆ ಸಿಕ್ಕಿದ್ದನ್ನು ಜನ ಕಿಟಕಿಯಿಂದ ಇಳಿಬಿಟ್ಟಿದ್ದರು. ನಾವು ಶರಣಾಗಿದ್ದೇವೆ, ಗುಂಡು ಹಾರಿಸಬೇಡಿ ಎಂದು ಅರ್ಥ. ಜರ್ಮನ್ ಬಾರದ ಸೈನಿಕನಿಗೂ, ಇಂಗ್ಲಿಷ್ ಬಾರದ ಗೃಹಿಣಿಗೂ ನಡುವೆ ಆ ಬಟ್ಟೆಯೇ ಮಾತು. ಆದರೆ ಬಿಳಿ ಬಟ್ಟೆಯ ಪಕ್ಕದ ಮನೆಯಿಂದಲೇ ಗುಂಡು ಬಂದ ಊರುಗಳೂ ಇದ್ದವು. ಹಾಗಾಗಿ ಪ್ರತಿ ತಿರುವಿನಲ್ಲೂ ಪ್ರಶ್ನೆ ಅದೇ. ಎದುರಿಗೆ ಇರುವವರು ಯಾರು? ಅವರ ಗುರುತನ್ನು ನಂಬಬಹುದೇ? ನಿಲ್ಲಬೇಕೇ, ಹೊಡೆಯಬೇಕೇ?

ಇಲ್ಲಿ ಕೋಲ್ಡಿಟ್ಸ್ ಕೋಟೆಯ ವಿಷಯ ಹೇಳಲೇಬೇಕು. ಲೈಪ್‌ಜಿಗ್ ನಗರದ ಆಗ್ನೇಯಕ್ಕೆ ಬೆಟ್ಟದ ನೆತ್ತಿಯ ಮೇಲೆ ಇರುವ ಹಳೆಯ ಕೋಟೆ ಅದು. ಸೆರೆಯಿಂದ ತಪ್ಪಿಸಿಕೊಳ್ಳುವುದರಲ್ಲಿ ಪಳಗಿದ ಮಿತ್ರರಾಷ್ಟ್ರಗಳ ಅಧಿಕಾರಿಗಳನ್ನು ಜರ್ಮನರು ಅಲ್ಲಿ ಕೂಡಿಹಾಕುತ್ತಿದ್ದರು. ಏಪ್ರಿಲ್ 15ರಂದು 273ನೇ ರೆಜಿಮೆಂಟಿನ ಸೈನಿಕರೂ 9ನೇ ಆರ್ಮರ್ಡ್ ಡಿವಿಷನ್ನಿನ ಟ್ಯಾಂಕುಗಳೂ ಆ ಊರನ್ನು ಮುಟ್ಟಿದರು. ಕೋಟೆಯೊಳಗೆ ತಮ್ಮವರೇ ಇದ್ದಾರೆ ಎಂಬುದು ಫಿರಂಗಿಯವರಿಗೆ ತಿಳಿಯದೆ ಕೆಲವು ಗುಂಡುಗಳು ಕೋಟೆಗೇ ಬಿದ್ದವು. ಕೈದಿಗಳು ಗಾಬರಿಯಿಂದ ಬ್ರಿಟನ್ ಮತ್ತು ಫ್ರಾನ್ಸ್‌ನ ಬಾವುಟಗಳನ್ನು ಕಿಟಕಿಗಳಿಂದ ಇಳಿಬಿಟ್ಟರು. ಗುಂಡು ನಿಂತಿತು. ಮರುದಿನ ಕೋಟೆ ಬಿಡುಗಡೆಯಾಯಿತು.

ಕೋಲ್ಡಿಟ್ಸ್‌ನಲ್ಲಿ ಒಬ್ಬ ಭಾರತೀಯರೂ ಇದ್ದರು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಬಿಹಾರದ ಗಯಾದಲ್ಲಿ ಹುಟ್ಟಿದ ಡಾಕ್ಟರ್ ಬೀರೇಂದ್ರನಾಥ ಮಜುಂದಾರ್. ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿಯಾಗಿ 1940ರಲ್ಲಿ ಫ್ರಾನ್ಸಿನಲ್ಲಿ ಸೆರೆ ಸಿಕ್ಕವರು. ಆ ಕೋಟೆಯಲ್ಲಿ ಅವರು ಒಬ್ಬರೇ ಭಾರತೀಯರು. ಭಾರತೀಯ ಕೈದಿಗಳಿರುವ ಶಿಬಿರಕ್ಕೆ ತಮ್ಮನ್ನು ಕಳಿಸಬೇಕೆಂದು ಅವರು ಉಪವಾಸ ಹೂಡಿದರು, ಗಾಂಧೀಜಿ ಹಿಡಿದ ದಾರಿಯಲ್ಲೇ. 1943ರಲ್ಲಿ ಜರ್ಮನರು ಅವರನ್ನು ಬೇರೆಡೆಗೆ ಸಾಗಿಸಿದರು. ಮರುವರ್ಷ ಅವರು ಸೆರೆಯಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡ್ ಸೇರಿದರು. ಅಮೆರಿಕನ್ನರು ಬಾಗಿಲು ತೆರೆದಾಗ ಅವರು ಅಲ್ಲಿರಲಿಲ್ಲ. ತಮ್ಮ ಬಾಗಿಲನ್ನು ತಾವೇ ತೆರೆದುಕೊಂಡಿದ್ದರು.

ಏಪ್ರಿಲ್ 18ರಂದು 69ನೇ ಡಿವಿಷನ್ ದಕ್ಷಿಣದಿಂದಲೂ ಪೂರ್ವದಿಂದಲೂ, 2ನೇ ಪದಾತಿ ಡಿವಿಷನ್ ಪಶ್ಚಿಮದಿಂದಲೂ ಲೈಪ್‌ಜಿಗ್ ನಗರದೊಳಕ್ಕೆ ಬಂದವು. ಸಂಗೀತ ಬಲ್ಲವರಿಗೆ ಅದು ಯೋಹಾನ್ ಸೆಬಾಸ್ಟಿಯನ್ ಬಾಖ್ ಬಾಳಿದ ಊರು. ಪುಸ್ತಕ ಬಲ್ಲವರಿಗೆ ದೊಡ್ಡ ಪ್ರಕಾಶಕರ ಊರು. ಆ ಊರಿನ ಹೊರವಲಯದ ಟೆಕ್ಲಾ ಎಂಬಲ್ಲಿ ಡಿವಿಷನ್ನಿನವರು ಕಂಡದ್ದು ಮಾತ್ರ ಬೇರೆಯೇ. ಬುಖೆನ್‌ವಾಲ್ಡ್ ಯಾತನಾ ಶಿಬಿರದ ಒಂದು ಉಪಶಿಬಿರ ಅಲ್ಲಿತ್ತು. ವಿಮಾನ ಕಾರ್ಖಾನೆಯಲ್ಲಿ ದುಡಿಸಿಕೊಳ್ಳಲು ತಂದಿದ್ದ ಕೈದಿಗಳು ಅವರು. ಅಮೆರಿಕನ್ನರು ಹತ್ತಿರ ಬರುತ್ತಿದ್ದಂತೆ ಕಾವಲಿನವರು ನಡೆಯಲಾರದ ಕೈದಿಗಳನ್ನು ಮರದ ಕೊಟ್ಟಿಗೆಯೊಂದರಲ್ಲಿ ತುಂಬಿ ಬೆಂಕಿ ಹಚ್ಚಿದರು. ಹೊರಗೆ ಓಡಿಬಂದವರು ಮುಳ್ಳುತಂತಿಯ ಬೇಲಿಯಲ್ಲೇ ಸತ್ತರು. ಡಿವಿಷನ್ ಒಂದು ದಿನ ಮೊದಲೇ ಬಂದಿದ್ದರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಮುನ್ನುಗ್ಗುವುದು ಯಾಕೆ ಬೇಕಿತ್ತು ಎನ್ನುವುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಲೈಪ್‌ಜಿಗ್‌ನ ಕೊನೆಯ ಕಾಳಗ ನಡೆದದ್ದು ಒಂದು ಸ್ಮಾರಕದಲ್ಲಿ. 1813ರಲ್ಲಿ ನೆಪೋಲಿಯನ್ ಸೋತ ಯುದ್ಧದ ನೆನಪಿಗಾಗಿ 1913ರಲ್ಲಿ ಕಟ್ಟಿ ಮುಗಿಸಿದ, 91 ಮೀಟರ್ ಎತ್ತರದ ಕಲ್ಲಿನ ಗುಡ್ಡ ಅದು. ಕರ್ನಲ್ ಫಾನ್ ಪೊನ್ಸೆ ಎಂಬ ಜರ್ಮನ್ ಅಧಿಕಾರಿ ತನ್ನ ಸೈನಿಕರೊಂದಿಗೆ, ಕೆಲವು ಅಮೆರಿಕನ್ ಕೈದಿಗಳನ್ನೂ ಇಟ್ಟುಕೊಂಡು, ಅದರೊಳಗೆ ಸೇರಿಕೊಂಡಿದ್ದ. ದೊಡ್ಡ ಫಿರಂಗಿಗಳಿಂದ ಹೊಡೆದರೂ ಆ ಗೋಡೆ ಜಗ್ಗಲಿಲ್ಲ. ಆಗ 273ನೇ ರೆಜಿಮೆಂಟ್ ಕಳಿಸಿದ್ದು ಕ್ಯಾಪ್ಟನ್ ಹಾನ್ಸ್ ಟ್ರೆಫೂಸ್ ಎಂಬ ಅಧಿಕಾರಿಯನ್ನು. ಇವರು ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ, ಯಹೂದಿ ಮನೆತನದಲ್ಲಿ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದ ಕುಟುಂಬ ಅವರದು.

ಯಾರನ್ನು ಆ ದೇಶ ಬೇಡವೆಂದು ಹೊರಗೆ ಹಾಕಿತ್ತೋ ಅವರೇ ಈಗ ಅದೇ ಭಾಷೆಯಲ್ಲಿ, ಗಂಟೆಗಟ್ಟಲೆ ಕುಳಿತು, ಆ ಕರ್ನಲ್‌ನ ಜೊತೆ ವಾದಿಸಿದರು. ಸಂಜೆ ಕಳೆಯಿತು, ಮಧ್ಯರಾತ್ರಿಯೂ ಕಳೆಯಿತು. ಏಪ್ರಿಲ್ 20ರ ನಸುಕಿಗೆ ಮುಂಚೆ ಜರ್ಮನರು ಶರಣಾದರು. ಫಿರಂಗಿಯಿಂದ ಆಗದ ಕೆಲಸ ಮಾತಿನಿಂದ ಆಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಗೆ ಯುದ್ಧಭೂಮಿಯಲ್ಲೂ ಒಂದು ಸಾಕ್ಷಿ ಸಿಕ್ಕಿತು. ಯುದ್ಧ ಮುಗಿದ ಮೇಲೆ ಟ್ರೆಫೂಸ್ ಅವರು ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿ ಹೆಸರು ಮಾಡಿದರು.

ಈಗ ಕಥೆಯ ಮುಖ್ಯ ಘಟ್ಟಕ್ಕೆ ಬರೋಣ. ಲೈಪ್‌ಜಿಗ್ ಆದ ಮೇಲೆ ಪೂರ್ವಕ್ಕೆ ಮುಲ್ಡೆ ಎಂಬ ಸಣ್ಣ ನದಿ. ಅದರಾಚೆ ಮೂವತ್ತು ಕಿಲೋಮೀಟರ್ ಹೋದರೆ ಎಲ್ಬೆ. ಎಲ್ಬೆಯ ಆ ಕಡೆಯಿಂದ ಮಾರ್ಷಲ್ ಕೊನೆಫ್ ಅವರ ಸೋವಿಯತ್ ಸೇನೆ ಪಶ್ಚಿಮಕ್ಕೆ ಬರುತ್ತಿದೆ. ಇವರಿಬ್ಬರೂ ಮಿತ್ರರು. ಆದರೆ ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಬ್ಬರ ಸಮವಸ್ತ್ರ ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ವರ್ಷಗಟ್ಟಲೆ ಎದುರಿಗೆ ಕಂಡವರನ್ನೆಲ್ಲ ಹೊಡೆದೇ ಬದುಕಿ ಉಳಿದ ಲಕ್ಷಾಂತರ ಜನ ಎರಡು ಕಡೆಯಿಂದ ಒಬ್ಬರಿಗೊಬ್ಬರು ಹತ್ತಿರವಾಗುತ್ತಿದ್ದಾರೆ. ಕತ್ತಲಲ್ಲಿ ಒಂದು ತಪ್ಪು ಗುಂಡು ಹಾರಿದರೆ ಏನಾಗಬಹುದು, ನೀವೇ ಊಹಿಸಿ.

ಅದಕ್ಕೇ ಮೇಲಿನವರು ಒಂದು ತೀರ್ಮಾನ ಮಾಡಿದ್ದರು. ಮಾರ್ಚ್ 28ರಂದೇ ಸರ್ವೋಚ್ಚ ಸೇನಾಪತಿ ಐಸೆನ್‌ಹೋವರ್ ಸ್ಟಾಲಿನ್‌ಗೆ ಸಂದೇಶ ಕಳಿಸಿ, ಎರಡು ಸೇನೆಗಳು ಲೈಪ್‌ಜಿಗ್, ಡ್ರೆಸ್ಡೆನ್ ಭಾಗದಲ್ಲಿ ಕೂಡೋಣ ಎಂದು ಸೂಚಿಸಿದ್ದರು. ಬರ್ಲಿನ್ ಗುರಿಯಲ್ಲ ಎಂದು ಅದರ ಅರ್ಥ. ಚರ್ಚಿಲ್‌ಗೆ ಇದು ಹಿಡಿಸಲಿಲ್ಲ. ಆದರೆ ಆ ಹೊತ್ತಿಗೆ ಸೋವಿಯತ್ ಸೇನೆ ಬರ್ಲಿನ್‌ಗೆ ಸುಮಾರು 60 ಕಿಲೋಮೀಟರ್ ದೂರದಲ್ಲಿತ್ತು. ಬರ್ಲಿನ್ ಹಿಡಿಯಬೇಕಾದರೆ ಒಂದು ಲಕ್ಷ ಜನರ ಸಾವುನೋವು ಆಗಬಹುದು ಎಂದು ಜನರಲ್ ಬ್ರಾಡ್ಲಿ ಅಂದಾಜು ಹೇಳಿದ್ದರು. ಹಿಡಿದರೂ ಯಾಲ್ಟಾ ಒಪ್ಪಂದದ ಪ್ರಕಾರ ಸುತ್ತಲಿನ ಪ್ರದೇಶವನ್ನು ಸೋವಿಯತ್ತರಿಗೇ ಬಿಟ್ಟುಕೊಡಬೇಕಿತ್ತು. ಬಿಟ್ಟುಕೊಡಬೇಕಾದ ನೆಲಕ್ಕಾಗಿ ಅಷ್ಟು ಜನರನ್ನು ಸಾಯಿಸುವುದೇ? ಇವತ್ತಿಗೂ ಇತಿಹಾಸಕಾರರು ಈ ನಿರ್ಧಾರ ಸರಿಯೋ ತಪ್ಪೋ ಎಂದು ವಾದಿಸುತ್ತಾರೆ. ಆ ಲಕ್ಷದಲ್ಲಿ ಒಬ್ಬನಾಗಬಹುದಾಗಿದ್ದ ಸೈನಿಕನನ್ನು ಕೇಳಿದ್ದರೆ ವಾದ ಬೇಗ ಮುಗಿಯುತ್ತಿತ್ತೇನೋ.

ಹೀಗಾಗಿ 69ನೇ ಡಿವಿಷನ್‌ಗೆ ಆಜ್ಞೆ ಬಂತು. ಮುಲ್ಡೆಯಲ್ಲಿ ನಿಲ್ಲಿ. ಆಚೆಗೆ ಗಸ್ತು ಕಳಿಸುವುದಿದ್ದರೆ ಐದು ಮೈಲಿ, ಅಂದರೆ ಎಂಟು ಕಿಲೋಮೀಟರ್ ಮಾತ್ರ. ಗುರುತಿಗೆ ಒಂದು ಸಂಕೇತವೂ ನಿಗದಿಯಾಯಿತು. ಅಮೆರಿಕನ್ನರು ಹಸಿರು ಬಾಣಬಿರುಸು ಹಾರಿಸಬೇಕು, ಸೋವಿಯತ್ತರು ಕೆಂಪು. ಎರಡು ಮಹಾಸೇನೆಗಳ ನಡುವೆ ಇದ್ದ ಒಟ್ಟು ಭಾಷೆ ಇಷ್ಟೇ, ಎರಡು ಬಣ್ಣ.

ಏಪ್ರಿಲ್ 24ರಂದು 273ನೇ ರೆಜಿಮೆಂಟಿನ ಲೆಫ್ಟಿನೆಂಟ್ ಆಲ್ಬರ್ಟ್ ಕೋಟ್ಸೆಬ್ಯೂ ಏಳು ಜೀಪುಗಳಲ್ಲಿ ಸುಮಾರು ಮೂವತ್ತು ಜನರೊಂದಿಗೆ ಗಸ್ತು ಹೊರಟರು. ರಾತ್ರಿ ಒಂದು ಹಳ್ಳಿಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಆಜ್ಞೆಯ ಗಡಿಯನ್ನು ಮೀರಿ ಮುಂದಕ್ಕೆ ಹೋದರು. ಲೆಕ್‌ವಿಟ್ಸ್ ಎಂಬ ಹಳ್ಳಿಯಲ್ಲಿ ಕುದುರೆಯ ಮೇಲೆ ಕುಳಿತಿದ್ದ ಒಬ್ಬ ಸೈನಿಕ ಕಂಡ. ಅವನೇ ಅವರಿಗೆ ಸಿಕ್ಕ ಮೊದಲ ಸೋವಿಯತ್ ಸೈನಿಕ. ಅವನು ರಷ್ಯನ್ ಅಲ್ಲ, ಕಜಾಕ್. ಹೆಚ್ಚು ಮಾತಿಲ್ಲ, ನಗುವಿಲ್ಲ. ಪೂರ್ವದ ಕಡೆಗೆ ಕೈ ತೋರಿಸಿದ. ಚರಿತ್ರೆಯ ದೊಡ್ಡ ಗಳಿಗೆಗಳು ಎಷ್ಟೋ ಸಲ ಹೀಗೆ ಸಪ್ಪಗೇ ಶುರುವಾಗುತ್ತವೆ.

ಮಧ್ಯಾಹ್ನದ ಹೊತ್ತಿಗೆ ಅವರು ಸ್ಟ್ರೇಲಾ ಎಂಬಲ್ಲಿ ಎಲ್ಬೆಯನ್ನು ಮುಟ್ಟಿದರು. ಆಚೆ ದಡದಲ್ಲಿ ಜನ ಓಡಾಡುತ್ತಿದ್ದರು. ದುರ್ಬೀನಿನಲ್ಲಿ ನೋಡಿದರೆ ಎದೆಯ ಮೇಲೆ ಬಿಸಿಲಿಗೆ ಹೊಳೆಯುವ ಪದಕಗಳು. ಇವರು ಎರಡು ಹಸಿರು ಬಾಣಬಿರುಸು ಹಾರಿಸಿದರು. ಉತ್ತರವಾಗಿ ಕೆಂಪು ಬರಲಿಲ್ಲ. ಆದರೆ ಗುಂಡೂ ಬರಲಿಲ್ಲ. ದಡದಲ್ಲಿ ಸರಪಳಿ ಹಾಕಿ ಕಟ್ಟಿದ್ದ ದೋಣಿಗಳಿದ್ದವು. ಕೋಟ್ಸೆಬ್ಯೂ ಗ್ರೆನೇಡ್ ಇಟ್ಟು ಸರಪಳಿ ಕಡಿದು, ಐದಾರು ಜನರನ್ನು ಕರೆದುಕೊಂಡು ನದಿ ದಾಟಿದರು.

ಆಚೆ ದಡದಲ್ಲಿ ಕಾಲಿಟ್ಟಾಗ ಸಂತೋಷಕ್ಕಿಂತ ಮೊದಲು ಎದುರಾದದ್ದು ಹೆಣಗಳು. ಸೈನಿಕರ ಹೆಣಗಳಲ್ಲ. ಮುದುಕರು, ಹೆಂಗಸರು, ಮಕ್ಕಳು. ನದಿ ದಾಟಲು ಬಂದು, ತೇಲುಸೇತುವೆಯ ಬಳಿ ಯುದ್ಧದ ನಡುವೆ ಸಿಕ್ಕಿಹಾಕಿಕೊಂಡ ಜರ್ಮನ್ ನಿರಾಶ್ರಿತರು. ಕೋಟ್ಸೆಬ್ಯೂ ಜೊತೆಗಿದ್ದವರಲ್ಲಿ ಜೋ ಪೊಲೊವ್ಸ್ಕಿ ಎಂಬ ಶಿಕಾಗೋದ ಸಾಮಾನ್ಯ ಸೈನಿಕನಿದ್ದ. ಒಂದು ಕೈಯಲ್ಲಿ ಗೊಂಬೆ, ಇನ್ನೊಂದು ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡೇ ಸತ್ತಿದ್ದ ಪುಟ್ಟ ಹುಡುಗಿಯನ್ನು ಅವನು ಅಲ್ಲಿ ನೋಡಿದ. ಬದುಕಿರುವ ತನಕ ಅದನ್ನು ಮರೆಯಲಿಲ್ಲ.

ಆ ಹೆಣಗಳ ನಡುವೆ ನಿಂತು, ಇಂಥ ಯುದ್ಧ ಇನ್ನೊಮ್ಮೆ ಆಗದಂತೆ ನಮ್ಮ ಕೈಲಾದದ್ದನ್ನೆಲ್ಲ ಮಾಡುತ್ತೇವೆ ಎಂದು ಎರಡೂ ಕಡೆಯ ಸೈನಿಕರು ಪ್ರತಿಜ್ಞೆ ಮಾಡಿದರು. ಮುಂದೆ ಅದಕ್ಕೆ ಎಲ್ಬೆಯ ಪ್ರತಿಜ್ಞೆ ಎಂದು ಹೆಸರಾಯಿತು. ಇಲ್ಲಿ ಒಂದು ಸಂಗತಿ ಕೇಳಿ. ಅಮೆರಿಕನ್ನರಿಗೆ ರಷ್ಯನ್ ಬರದು, ಅವರಿಗೆ ಇಂಗ್ಲಿಷ್ ಬರದು. ಪೊಲೊವ್ಸ್ಕಿಗೆ ಜರ್ಮನ್ ಬರುತ್ತಿತ್ತು. ಆ ಕಡೆಯೂ ಜರ್ಮನ್ ಬಲ್ಲವನೊಬ್ಬ ಸಿಕ್ಕಿದ. ಹೀಗೆ ಪ್ರತಿಜ್ಞೆಯ ಮಾತು ಇಂಗ್ಲಿಷಿನಿಂದ ಜರ್ಮನ್‌ಗೆ, ಜರ್ಮನ್‌ನಿಂದ ರಷ್ಯನ್‌ಗೆ ದಾಟಿತು. ಇಬ್ಬರೂ ಸೇರಿ ಸೋಲಿಸಿದ ಶತ್ರುವಿನ ಭಾಷೆಯಲ್ಲೇ ಇಬ್ಬರ ಶಾಂತಿಯ ಮಾತು ನಡೆಯಿತು. ಭಾಷೆ ಯಾವ ಸೇನೆಗೂ ಸೇರಿದ್ದಲ್ಲ. ನಾಲ್ಕು ಭಾಷೆಗಳ ನಡುವೆ ದಿನ ಕಳೆಯುವ ಮಹಾನಗರದ ನಮ್ಮ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ದಿನ, ಸ್ಟ್ರೇಲಾದಿಂದ ಸುಮಾರು ಮೂವತ್ತು ಕಿಲೋಮೀಟರ್ ಕೆಳಗೆ, ನದಿ ಹರಿಯುವ ದಿಕ್ಕಿನಲ್ಲಿ ಇನ್ನೊಂದು ಪ್ರಸಂಗ. ಅದೇ 273ನೇ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ವಿಲಿಯಂ ರಾಬರ್ಟ್‌ಸನ್ ಮೂವರು ಸೈನಿಕರೊಂದಿಗೆ ಒಂದೇ ಜೀಪಿನಲ್ಲಿ ಹೋಗುತ್ತ ಹೋಗುತ್ತ ಟೊರ್ಗಾವ್ ಊರನ್ನು ಮುಟ್ಟಿಬಿಟ್ಟರು. ಅವರ ಬಳಿ ರೇಡಿಯೋ ಇರಲಿಲ್ಲ. ಹಸಿರು ಬಾಣಬಿರುಸೂ ಇರಲಿಲ್ಲ. ಇದ್ದದ್ದು ಒಂದು ಬಿಳಿ ಹಾಸಿಗೆ ಬಟ್ಟೆ. ನದಿಯ ಆಚೆ ಸೋವಿಯತ್ ಸೈನಿಕರಿದ್ದಾರೆ ಎಂದು ತಿಳಿಯಿತು. ಆದರೆ ಬಿಳಿ ಬಟ್ಟೆ ತೋರಿಸಿದರೆ ಜರ್ಮನರು ಎಂದುಕೊಂಡಾರು. ಅದಕ್ಕೆ ರಾಬರ್ಟ್‌ಸನ್ ಔಷಧಿ ಅಂಗಡಿಯೊಂದಕ್ಕೆ ನುಗ್ಗಿ ಕೆಂಪು ಮತ್ತು ನೀಲಿ ಬಣ್ಣದ ಪುಡಿ ಹುಡುಕಿ, ನೀರಿನಲ್ಲಿ ಕಲಸಿ, ಬಟ್ಟೆಯ ಮೇಲೆ ಐದು ಕೆಂಪು ಪಟ್ಟೆ ಎಳೆದು ಮೂಲೆಗೆ ನೀಲಿ ಬಳಿದರು. ಅಮೆರಿಕದ ಬಾವುಟದಲ್ಲಿ ಹದಿಮೂರು ಪಟ್ಟೆಗಳಿವೆ. ಅಷ್ಟಕ್ಕೆಲ್ಲ ಸಮಯವೆಲ್ಲಿತ್ತು?

ಆ ಬಾವುಟ ಹಿಡಿದು ನದಿಯ ಪಕ್ಕದ ಕೋಟೆಯ ಗೋಪುರ ಹತ್ತಿ ಬೀಸಿದರು. ಆ ಕಡೆಯವರು ಮೊದಲು ಗುಂಡು ನಿಲ್ಲಿಸಿ ಕೆಂಪು ಬಾಣಬಿರುಸು ಹಾರಿಸಿ ಹಸಿರಿಗಾಗಿ ಕಾದರು. ಹಸಿರು ಬರಲಿಲ್ಲ. ಜರ್ಮನರ ಇಂಥ ಮೋಸ ಅವರಿಗೆ ಹೊಸದಲ್ಲ. ಮತ್ತೆ ಗುಂಡಿನ ಮಳೆ. ಕೊನೆಗೆ ನೆರವಿಗೆ ಬಂದದ್ದು ಅದೇ ಊರಿನ ಸೆರೆಮನೆಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ಒಬ್ಬ ರಷ್ಯನ್ ಕೈದಿ. ಅವನು ಗೋಪುರ ಹತ್ತಿ ತನ್ನ ಭಾಷೆಯಲ್ಲಿ, ಇವರು ಅಮೆರಿಕನ್ನರು ಎಂದು ಗಟ್ಟಿಯಾಗಿ ಕೂಗಿದ. ಗುಂಡು ನಿಂತಿತು. ಬಾವುಟವನ್ನು ನಂಬದವರು ದನಿಯನ್ನು ನಂಬಿದರು. ದನಿಯನ್ನೇ ನಂಬಿ ಬದುಕುವ ಉದ್ಘೋಷಕರ ಕಸುಬಿನ ನನಗೆ ಆ ಹೆಸರಿಲ್ಲದ ಕೈದಿಯ ಮೇಲೆ ವಿಶೇಷ ಗೌರವ.

ಎಲ್ಬೆಯ ಸೇತುವೆಯನ್ನು ಜರ್ಮನರು ಸ್ಫೋಟಿಸಿದ್ದರು. ನೀರಿನಲ್ಲಿ ಮುರಿದು ಬಿದ್ದಿದ್ದ ಕಬ್ಬಿಣದ ತೊಲೆಗಳ ಮೇಲೆ ಈ ಕಡೆಯಿಂದ ರಾಬರ್ಟ್‌ಸನ್, ಆ ಕಡೆಯಿಂದ ಸೋವಿಯತ್ ಸೈನಿಕರು ತೆವಳುತ್ತ ಬಂದರು. ಸಂಜೆ ನಾಲ್ಕರ ಸುಮಾರಿಗೆ ನದಿಯ ನಡುವೆ ಕೈಗೆ ಕೈ ಸೇರಿತು. ಆ ತುಕಡಿಯ ಅಧಿಕಾರಿ ಲೆಫ್ಟಿನೆಂಟ್ ಅಲೆಕ್ಸಾಂಡರ್ ಸಿಲ್ವಾಶ್ಕೊ, ಉಕ್ರೇನಿನಲ್ಲಿ ಹುಟ್ಟಿದವರು. ಹಿಟ್ಲರನ ಜರ್ಮನಿ ಆ ಗಳಿಗೆಯಲ್ಲಿ ಎರಡು ತುಂಡಾಯಿತು. ಉತ್ತರದ ಸೇನೆಗೂ ದಕ್ಷಿಣದ ಸೇನೆಗೂ ನಡುವೆ ನೆಲದ ಸಂಪರ್ಕ ಕಡಿಯಿತು.

ಕೋಟ್ಸೆಬ್ಯೂ ಮೊದಲು ಭೇಟಿಯಾದರೂ ಅವರ ಸಂದೇಶದಲ್ಲಿ ನಕಾಶೆಯ ಜಾಗ ತಪ್ಪಾಗಿ ಹೋಗಿತ್ತು. ಹಾಗಾಗಿ ಜಗತ್ತಿಗೆ ಗೊತ್ತಾದ ಹೆಸರು ಟೊರ್ಗಾವ್. ಮರುದಿನ ಜನರಲ್ ರೈನ್‌ಹಾರ್ಟ್ ಮತ್ತು ಸೋವಿಯತ್ 58ನೇ ಗಾರ್ಡ್ಸ್ ಡಿವಿಷನ್ನಿನ ಜನರಲ್ ರುಸಕೋಫ್ ಅಲ್ಲೇ ಭೇಟಿಯಾದರು. ನೀವು ಪುಸ್ತಕಗಳಲ್ಲಿ ನೋಡಿರಬಹುದಾದ ಕೈಕುಲುಕುವ ಪ್ರಸಿದ್ಧ ಚಿತ್ರಗಳು ತೆಗೆದದ್ದು ಆ ಮರುದಿನವೇ, ಛಾಯಾಗ್ರಾಹಕರು ಬಂದ ಮೇಲೆ. ಏಪ್ರಿಲ್ 27ರಂದು ವಾಷಿಂಗ್ಟನ್, ಲಂಡನ್ ಮತ್ತು ಮಾಸ್ಕೋ ಮೂರೂ ರಾಜಧಾನಿಗಳಿಂದ ಒಂದೇ ಹೊತ್ತಿಗೆ ಸುದ್ದಿ ಪ್ರಕಟವಾಯಿತು. ಆಜ್ಞೆ ಮೀರಿ ಹೋದದ್ದಕ್ಕೆ ರಾಬರ್ಟ್‌ಸನ್‌ಗೆ ಶಿಕ್ಷೆಯಾಗಬಹುದಿತ್ತು. ಆದರೆ ಆ ಬಣ್ಣ ಬಳಿದ ಹಾಸಿಗೆ ಬಟ್ಟೆಯನ್ನು ಕೈಗೆ ತೆಗೆದುಕೊಂಡ ಐಸೆನ್‌ಹೋವರ್ ಅಲ್ಲೇ ಬಡ್ತಿ ಕೊಟ್ಟರು.

ಇನ್ನೊಂದು ಕಾಕತಾಳೀಯ ಹೇಳುತ್ತೇನೆ. ಅದೇ ಏಪ್ರಿಲ್ 25ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯನ್ನು ಕಟ್ಟುವ ಸಮ್ಮೇಳನ ಆರಂಭವಾಯಿತು. ಅಲ್ಲಿ ಭಾರತದ ನಿಯೋಗದ ಮುಂದಾಳು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಮರುವರ್ಷ ಮೈಸೂರಿನ ದಿವಾನರಾಗಿ ಬಂದವರು ಇವರೇ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಇವರೇ. ಒಂದು ಕಡೆ ಮುರಿದ ಸೇತುವೆಯ ಮೇಲೆ ಸೈನಿಕರು, ಇನ್ನೊಂದು ಕಡೆ ದುಂಡುಮೇಜಿನ ಸುತ್ತ ರಾಜತಂತ್ರಜ್ಞರು. ಇಬ್ಬರೂ ಅವತ್ತು ಮಾಡಲು ನೋಡಿದ್ದು ಒಂದೇ ಕೆಲಸ.

ಆಮೇಲೆ ಏನಾಯಿತು? ಜುಲೈ ಆರಂಭದಲ್ಲಿ ಒಪ್ಪಂದದಂತೆ ಅಮೆರಿಕನ್ನರು ಲೈಪ್‌ಜಿಗ್ ಬಿಟ್ಟು ಹಿಂದೆ ಸರಿದರು, ಸೋವಿಯತ್ತರು ಬಂದರು. ಮುನ್ನೂರಕ್ಕೂ ಹೆಚ್ಚು ಜೀವ ತೆತ್ತು ನಡೆದ ದಾರಿಯ ಕೊನೆಯ ಭಾಗ ಹೀಗೆ ಕೈಬಿಟ್ಟಿತು. ಸೆಪ್ಟೆಂಬರಿನಲ್ಲಿ ಡಿವಿಷನ್ ವಿಸರ್ಜನೆಯಾಯಿತು. ಕೆಲವೇ ವರ್ಷಗಳಲ್ಲಿ ಎಲ್ಬೆಯಲ್ಲಿ ಕೈಕುಲುಕಿದ ಎರಡು ದೇಶಗಳು ಒಂದರ ಮೇಲೊಂದು ಅಣುಬಾಂಬು ಗುರಿಯಿಟ್ಟು ಕುಳಿತವು. ರಾಬರ್ಟ್‌ಸನ್ ವೈದ್ಯಕೀಯ ಓದಿ ನರಶಸ್ತ್ರಚಿಕಿತ್ಸಕರಾದರು. ಸಿಲ್ವಾಶ್ಕೊ ಬೆಲರೂಸ್‌ನ ಹಳ್ಳಿಯೊಂದರಲ್ಲಿ ಶಾಲಾ ಮೇಷ್ಟರಾದರು.

ಜೋ ಪೊಲೊವ್ಸ್ಕಿ ಶಿಕಾಗೋಕ್ಕೆ ಮರಳಿ ಟ್ಯಾಕ್ಸಿ ಓಡಿಸಿದ. ಆದರೆ ಪ್ರತಿಜ್ಞೆಯನ್ನು ಬಿಡಲಿಲ್ಲ. ವರ್ಷ ವರ್ಷವೂ ಏಪ್ರಿಲ್ 25ರಂದು ಶಿಕಾಗೋದ ಮಿಶಿಗನ್ ಅವೆನ್ಯೂ ಸೇತುವೆಯ ಮೇಲೆ ನಿಂತು, ಹೋಗಿಬರುವವರಿಗೆ ಎಲ್ಬೆಯ ಕಥೆ ಹೇಳುತ್ತ, ಅಣ್ವಸ್ತ್ರ ಬೇಡ ಎಂದು ಕೇಳಿಕೊಳ್ಳುತ್ತಿದ್ದ. ಆ ದಿನವನ್ನು ವಿಶ್ವಶಾಂತಿಯ ದಿನವನ್ನಾಗಿ ಮಾಡಿ ಎಂದು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ. ಅಂಥ ಕಾಲದಲ್ಲಿ ಅಂಥ ಮಾತನಾಡಿದವನನ್ನು ಜನ ಹೇಗೆ ನೋಡಿರಬಹುದು ಎಂದು ಯೋಚಿಸಿ. 1983ರ ಅಕ್ಟೋಬರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ತನ್ನನ್ನು ಟೊರ್ಗಾವ್‌ನಲ್ಲಿ ಮಣ್ಣು ಮಾಡಬೇಕು ಎಂಬುದು ಅವನ ಕೊನೆಯ ಆಸೆ. ಆಗ ಅದು ಪೂರ್ವ ಜರ್ಮನಿ, ಕಮ್ಯುನಿಸ್ಟ್ ದೇಶ. ಆದರೂ ಅನುಮತಿ ಸಿಕ್ಕಿತು. ನವೆಂಬರಿನಲ್ಲಿ ಅಮೆರಿಕದ ಮತ್ತು ಸೋವಿಯತ್ ದೇಶದ ಹಳೆಯ ಸೈನಿಕರು ಸೇರಿ ಅವನನ್ನು ಅಲ್ಲಿಯೇ ಮಣ್ಣಿಗಿಟ್ಟರು. ಅವನ ಸಮಾಧಿ ಇಂದಿಗೂ ಅಲ್ಲೇ ಇದೆ.

ಜರ್ಮನಿ 1990ರಲ್ಲಿ ಒಂದಾಯಿತು, ಮರುವರ್ಷ ಸೋವಿಯತ್ ಒಕ್ಕೂಟ ಒಡೆಯಿತು. 2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿತು. ಸಿಲ್ವಾಶ್ಕೊ ಅವರ ತುಕಡಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವರ ಊರುಗಳ ನಡುವೆಯೇ ಯುದ್ಧ. ಹಾಗಾದರೆ ಆ ಪ್ರತಿಜ್ಞೆ ಸುಳ್ಳಾಯಿತೇ ಎಂದು ನೀವು ಕೇಳಬಹುದು. ಪ್ರತಿಜ್ಞೆ ಮಾಡಿದವರು ಸರಕಾರಗಳಲ್ಲ, ನದಿ ದಾಟಿ ಬಂದ ಕೆಲವು ಸೈನಿಕರು. ಅವರಲ್ಲಿ ಪೊಲೊವ್ಸ್ಕಿಯಂಥವನು ಸಾಯುವ ತನಕ ಅದನ್ನು ಪಾಲಿಸಿದ. ಕೈಯಲ್ಲಿ ಬಂದೂಕು ಇದ್ದೂ, ಎದುರಿಗೆ ಗುರುತಿಲ್ಲದ ಮುಖ ಇದ್ದೂ, ಎರಡೂ ದಡದವರು ಒಂದು ಗಳಿಗೆ ತಡೆದು ಯಾರೆಂದು ಕೇಳಿದ್ದರಿಂದಲೇ ಆ ಕೈಕುಲುಕು ಸಾಧ್ಯವಾಯಿತು. ನಾಲ್ಕುನೂರು ಕಿಲೋಮೀಟರ್ ನುಗ್ಗಿಬಂದ 69ನೇ ಡಿವಿಷನ್ನಿನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಆ ಒಂದು ಗಳಿಗೆ.